ಈದ್ ಕಾರ್ಡಿಗೆ ನಮ್ಮ ಕೋಟೆಗಳು

ಬಳ್ಳಾರಿಯ ಸತ್ಯನಾರಾಯಣಪೇಟೆಯಂಥ ಬಡಾವಣೆಗಳ ನಡುವೆ ಬೋಳು ಬಂಡೆಗಳ ಗುಡ್ಡವೊಂದಿದೆ. ನೆತ್ತಿಯಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ, ಬುಡದಲ್ಲಿ ಹೈದರಾಲಿ ಕಟ್ಟಿಸಿದ ಕೆಳಕೋಟೆ. ಪಕ್ಕದ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ, ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರನ್ನು ಹೈದರ್ ಗಲ್ಲಿಗೇರಿಸಿದ ಎಂಬ ಕಥೆ ಅಲ್ಲಿ ಈಗಲೂ ಇದೆ. ಮೈಸೂರು ಮತ್ತು ನಿಜಾಮರ ಗಡಿಯ ಈ ಕೋಟೆ 1800ರಲ್ಲಿ ಕಂಪೆನಿಯ ಪಾಲಾಯಿತು.

ಇಂಥ ಕೋಟೆಗಳನ್ನು ಬಣ್ಣದಲ್ಲಿ ಬಿಡಿಸಿ, ಶುಭಾಶಯ ಕಾರ್ಡು ಮಾಡಿ ಮಾರಬಹುದಲ್ಲ? ಕೋಟೆಯ ಚಿತ್ರ ಮಾರುವುದು ಹೊಸತೇನಲ್ಲ. ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಗಾರನಿದ್ದ. ಮೈಸೂರು ಸೀಮೆಯ ಅವನ ಚಿತ್ರಗಳು 1794ರಲ್ಲಿ ಪುಸ್ತಕವಾಗಿ ಬಂದವು. ಸೇನಾಧಿಕಾರಿ ಅಲೆಕ್ಸಾಂಡರ್ ಅಲೆನ್‌ನ ಚಿತ್ರಗಳೂ ಅದೇ ವರ್ಷ ಲಂಡನ್‌ನಲ್ಲಿ ಅಚ್ಚಾದವು. ಸೋತವರ ಕೋಟೆಯ ಅಂದವನ್ನು ಗೆದ್ದವರು ಮನೆಯಲ್ಲಿ ಕೂತು ನೋಡಿದರು. ನಮ್ಮ ಮನೆಗಳಲ್ಲಿ ಅಂಥ ಒಂದು ಚಿತ್ರವಾದರೂ ಇದೆಯೇ?

"ಚಿತ್ರ ಬಿಡಿಸುವುದು ಹರಾಮ್ ಅಲ್ವಾ ಉಸ್ತಾದ್?" ಎಂದು ಮದ್ರಸದ ಮಕ್ಕಳು ಕೇಳುತ್ತಾರೆ. ಇಬ್ನು ಅಬ್ಬಾಸ್(ರ)ರ ಬಳಿ ಒಬ್ಬರು ಬಂದು, ಚಿತ್ರ ಮಾಡುವುದೇ ತನ್ನ ಹೊಟ್ಟೆಪಾಡು ಎಂದರಂತೆ. ಪ್ರವಾದಿ(ಸ)ರ ಎಚ್ಚರಿಕೆ ಕೇಳಿ ಅವರ ಮುಖ ಬಿಳಿಚಿತು. ಬಿಡಿಸಲೇಬೇಕಿದ್ದರೆ ಮರವನ್ನೋ ಜೀವವಿಲ್ಲದ್ದನ್ನೋ ಬಿಡಿಸು ಎಂದು ಇಬ್ನು ಅಬ್ಬಾಸ್ ದಾರಿ ತೋರಿಸಿದರು. ಬುಖಾರಿ, ಮುಸ್ಲಿಂ ಎರಡರಲ್ಲೂ ಈ ವರದಿ ಇದೆ. ಅವರು ಆ ಮನುಷ್ಯನ ಕೈಯಿಂದ ಕುಂಚ ಕಿತ್ತುಕೊಳ್ಳಲಿಲ್ಲ, ದುಡಿಮೆಯ ದಿಕ್ಕು ಬದಲಿಸಿದರು. ನಾವಾದರೋ ಮಗು ಪೆನ್ಸಿಲ್ ಹಿಡಿದ ಕೂಡಲೇ ಗದರಿಸಿ ಕೂರಿಸುತ್ತೇವೆ.

ಕೋಟೆಗೆ ಜೀವವಿಲ್ಲ. ಕುದುರೆ, ಸಿಪಾಯಿಗಳನ್ನು ಬಿಟ್ಟು ಗೋಡೆ, ಬಂಡೆ, ಮರ, ಆಕಾಶ ಬಿಡಿಸಿದರೆ ಸಾಕು. ನಮ್ಮ ಕರಾವಳಿಯಲ್ಲೇ ವಸ್ತುವಿಗೆ ಬರವೇ? ಗುರುಪುರ ನದಿಗೆ ಯುದ್ಧನೌಕೆ ನುಗ್ಗದಂತೆ 1784ರಲ್ಲಿ ಕಟ್ಟಿದ ಸುಲ್ತಾನ್ ಬತ್ತೇರಿ ಇದೆ. ಬೆಳ್ತಂಗಡಿ ಬಳಿ ಟಿಪ್ಪು ತಾಯಿಯ ಹೆಸರಿಟ್ಟ ಜಮಾಲಾಬಾದ್ ಇದೆ. ಕಾಸರಗೋಡಿನಲ್ಲಿ ಶಿವಪ್ಪ ನಾಯಕನ ಬೇಕಲ ಕೋಟೆ ಇದೆ.

ಖರ್ಚೂ ಹೆಚ್ಚಿಲ್ಲ. ನೀರುಬಣ್ಣಕ್ಕೆ ದಪ್ಪ ಕಾಗದ ಬೇಕು, ತೆಳುವಾದದ್ದು ಒದ್ದೆಯಾದರೆ ಸುರುಟಿಕೊಳ್ಳುತ್ತದೆ. ಒಂದು ಮೂಲಚಿತ್ರ ಇದ್ದರೆ ಸ್ಕ್ಯಾನ್ ಮಾಡಿ ಎಷ್ಟೂ ಕಾರ್ಡು ತೆಗೆಯಬಹುದು. ಹಿಂಬದಿಯಲ್ಲಿ ಕೋಟೆಯ ಹೆಸರು, ಕಟ್ಟಿಸಿದವರು, ಇಸವಿ ಇರಲಿ. ಕುರ್‌ಆನ್ ಆಯತ್ ಮಾತ್ರ ಬೇಡ, ಕಾರ್ಡು ಕೊನೆಗೆ ಕಸದ ಬುಟ್ಟಿ ಸೇರಿದರೆ ಅದಬ್ ಕೆಡುತ್ತದೆ.

ಪೆರ್ನಾಲ್ ದಿನ ನೂರು ಫಾರ್ವರ್ಡ್ ಮೆಸೇಜ್ ಬರುತ್ತವೆ, ಸಂಜೆಯೊಳಗೆ ಅಳಿಸಿಯೂ ಹೋಗುತ್ತವೆ. ಮನೆಯಲ್ಲೇ ಕೂತು ಚಿತ್ರ ಬಿಡಿಸುವ ಹೆಣ್ಣುಮಕ್ಕಳಿಗೆ ಇದರಿಂದ ನಾಲ್ಕು ಕಾಸು ಹಲಾಲ್ ಸಂಪಾದನೆಯಾದರೆ ಒಳ್ಳೆಯದಲ್ಲವೇ? ನೆಂಟರ ಮಗಳ ಕೈಯ ಕಾರ್ಡನ್ನು ಪುಕ್ಕಟೆ ಕೇಳಬೇಡಿ. ಬೆಲೆ ಕೊಟ್ಟೇ ಕೊಳ್ಳಿ.