ಹತ್ತು ಗಂಟೆ ಮಲಗಿದರೂ ತೀರದ ನಿದ್ದೆ

ಮೆಲ್ಬರ್ನ್‌ನ ಎಪ್‌ವರ್ತ್ ಆಸ್ಪತ್ರೆಯಲ್ಲಿದ್ದ ನಿದ್ರಾತಜ್ಞ ಮರ್ರೆ ಜಾನ್ಸ್ 1991ರಲ್ಲಿ ಎಂಟು ಪ್ರಶ್ನೆಗಳ ಒಂದು ಪಟ್ಟಿ ಪ್ರಕಟಿಸಿದರು. ಕೂತು ಓದುವಾಗ, ಟಿ.ವಿ. ನೋಡುವಾಗ, ಸಭೆಯಲ್ಲಿ ಸುಮ್ಮನೆ ಕೂತಾಗ, ಒಂದು ಗಂಟೆ ಕಾರಿನಲ್ಲಿ ಪ್ರಯಾಣ ಮಾಡುವಾಗ, ಮಧ್ಯಾಹ್ನ ಅಡ್ಡಾದಾಗ, ಯಾರ ಜೊತೆಗೋ ಮಾತಾಡುವಾಗ, ಊಟ ಮುಗಿಸಿ ಕೂತಾಗ, ಟ್ರಾಫಿಕ್‌ನಲ್ಲಿ ಕಾರು ಕೆಲ ನಿಮಿಷ ನಿಂತಾಗ ತೂಕಡಿಕೆ ಬರುವ ಸಾಧ್ಯತೆ ಎಷ್ಟು? ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 24. ಹತ್ತು ದಾಟಿದರೆ ಹಗಲಿನ ನಿದ್ದೆ ಮಿತಿಮೀರಿದೆ ಎಂದು ಲೆಕ್ಕ. ಕೊನೆಯ ಪ್ರಶ್ನೆಯ ‘ಕೆಲ ನಿಮಿಷ’ ಎಂಬ ಮಾತು ಸಿಲ್ಕ್ ಬೋರ್ಡ್ ಜಂಕ್ಷನ್ ದಾಟುವ ಬೆಂಗಳೂರಿಗರಿಗೆ ನಗು ತರಿಸೀತು. ಆದರೆ ಪಟ್ಟಿ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ನಮ್ಮ ಮನೆಗಳಲ್ಲಿ ನಿದ್ದೆ ಮಿತಿಮೀರಿದವರಿಗೆ ಅಂಕ ಕೊಡುವ ಪದ್ಧತಿಯಿಲ್ಲ, ಬಿರುದು ಕೊಡುವ ಪದ್ಧತಿಯಿದೆ. ಕುಂಭಕರ್ಣ, ಸೋಮಾರಿ, ಮೈಗಳ್ಳ. ಒಂಬತ್ತಾದರೂ ಏಳದ ಮಗನಿಗೂ ಭಾನುವಾರವೆಲ್ಲ ಹೊದ್ದು ಮಲಗುವ ಸೊಸೆಗೂ ಅದೇ ಬೈಗುಳ. ಬಿರುದು ಕೊಟ್ಟ ಮೇಲೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಬಹಳ ಜನರ ವಿಷಯದಲ್ಲಿ ಕಾರಣ ಸರಳ: ನಿದ್ದೆ ಸಾಲುತ್ತಿಲ್ಲ. ವಯಸ್ಕರಿಗೆ 7ರಿಂದ 9 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ಬೇಕು. ಆರು ಗಂಟೆಯಲ್ಲೇ ಮುಗಿಸುವವರು ‘ನನಗೆ ರೂಢಿಯಾಗಿದೆ’ ಎನ್ನುತ್ತಾರೆ. ಈ ಮಾತನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಒರೆಗೆ ಹಚ್ಚಿ ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಆರೋಗ್ಯವಂತರಿಗೆ ಎರಡು ವಾರ ದಿನಕ್ಕೆ ಆರೇ ಗಂಟೆ ಮಲಗಲು ಬಿಟ್ಟರು. ಅವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸಿಯುತ್ತ ಹೋಗಿ, ಕೊನೆಗೆ ಇಡೀ ರಾತ್ರಿ ಎದ್ದಿದ್ದವರ ಮಟ್ಟಕ್ಕೆ ಬಂತು. ಆದರೆ ‘ಎಷ್ಟು ನಿದ್ದೆ ಬರುತ್ತಿದೆ?’ ಎಂದು ಕೇಳಿದರೆ ಕೆಲವು ದಿನಗಳ ನಂತರ ಅವರ ಉತ್ತರ ಹೆಚ್ಚು ಬದಲಾಗಲಿಲ್ಲ. ರೂಢಿಯಾದದ್ದು ಮಂಕು, ಅದೂ ಅವರಿಗೆ ತಿಳಿಯದಂತೆ.

ವಾರದ ಬಾಕಿಯನ್ನು ಭಾನುವಾರ ಹನ್ನೊಂದರವರೆಗೆ ಮಲಗಿ ತೀರಿಸಲು ಹೋದರೆ ಇನ್ನೊಂದು ತೊಡಕು ಎದುರಾಗುತ್ತದೆ. ಜ್ಯೂರಿಕ್‌ನ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ವಿವರಿಸಿದಂತೆ ನಿದ್ದೆಯನ್ನು ಎರಡು ಶಕ್ತಿಗಳು ನಡೆಸುತ್ತವೆ. ಎದ್ದಿದ್ದಷ್ಟು ಹೊತ್ತೂ ಬೆಳೆಯುತ್ತ ಹೋಗುವ ನಿದ್ದೆಯ ಒತ್ತಡ ಒಂದು, ಮಿದುಳಿನೊಳಗಿನ ಗಡಿಯಾರ ಇನ್ನೊಂದು. ಹನ್ನೊಂದಕ್ಕೆ ಎದ್ದವರಿಗೆ ರಾತ್ರಿ ಹತ್ತಕ್ಕೆ ಒತ್ತಡ ಸಾಲದು, ಗಡಿಯಾರವೂ ಹಿಂದೆ ಬಿದ್ದಿರುತ್ತದೆ. ಸೋಮವಾರ ಬೆಳಿಗ್ಗೆ ಅವರ ಸ್ಥಿತಿ ದೂರದ ದೇಶದಿಂದ ವಿಮಾನದಲ್ಲಿ ಬಂದಿಳಿದವರ ಹಾಗೆ. ಜರ್ಮನಿಯ ಟಿಲ್ ರೋನೆಬರ್ಗ್ ಇದನ್ನು ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದು ಕರೆದರು. ಹದಿಹರೆಯದಲ್ಲಂತೂ ಈ ಗಡಿಯಾರ ತಾನಾಗಿಯೇ ತಡವಾಗಿ ಓಡುತ್ತದೆ. ಪಿಯುಸಿ ಮಗನನ್ನು ಐದಕ್ಕೆ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟುವ ಅಪ್ಪ ಅಮ್ಮಂದಿರು ಜಗಳ ಆಡುತ್ತಿರುವುದು ಮಗನ ಹಟದ ಜೊತೆಗಲ್ಲ, ಅವನ ಹಾರ್ಮೋನುಗಳ ಜೊತೆ.

ಇದಕ್ಕೆ ಮದ್ದು ನೀರಸವಾದದ್ದು: ವಾರದ ಏಳೂ ದಿನ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏಳುವುದು, ಎದ್ದ ತಕ್ಷಣ ಬಿಸಿಲಿಗೆ ಮೈಯೊಡ್ಡುವುದು. ಕಾಫಿಗೂ ಹೊತ್ತಿನ ಲೆಕ್ಕವಿದೆ. ಎದ್ದಿದ್ದಾಗ ಮಿದುಳಿನಲ್ಲಿ ಶೇಖರವಾಗುವ ಅಡೆನೊಸಿನ್ ಎಂಬ ವಸ್ತು ನಿದ್ದೆಯ ಒತ್ತಡಕ್ಕೆ ಒಂದು ಮುಖ್ಯ ಕಾರಣ. ಕೆಫೀನ್ ಅದು ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ಒಳಗೆ ಹೋದ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದಾರು ಗಂಟೆ ಬೇಕು. ಸಂಜೆ ಐದರ ಫಿಲ್ಟರ್ ಕಾಫಿಯ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ.

ಇಷ್ಟೆಲ್ಲ ಪಾಲಿಸಿ, ಒಂಬತ್ತು ಹತ್ತು ಗಂಟೆ ಮಲಗಿಯೂ ಬೆಳಿಗ್ಗೆ ಮೈಭಾರ ಇಳಿಯದವರ ಕಥೆ ಬೇರೆ. ಅವರ ಪಕ್ಕದಲ್ಲಿ ಮಲಗುವವರನ್ನು ಮೊದಲು ವಿಚಾರಿಸಬೇಕು. ಗೊರಕೆ ಏರುತ್ತ ಏರುತ್ತ ಹೋಗಿ ಥಟ್ಟನೆ ನಿಲ್ಲುತ್ತದೆ. ‘ಸದ್ಯ, ನಿಂತಿತಲ್ಲ’ ಎಂದು ಹೆಂಡತಿ ಮಗ್ಗುಲಾಗುತ್ತಾಳೆ. ಆ ಹೊತ್ತಿಗೆ ಗಂಡನ ಉಸಿರೂ ನಿಂತಿರುತ್ತದೆ. ಗಂಟಲ ಸ್ನಾಯುಗಳು ಸಡಿಲಾಗಿ ದಾರಿ ಮುಚ್ಚಿಹೋಗಿದೆ. ಎದೆ, ಹೊಟ್ಟೆ ಗಾಳಿಗಾಗಿ ಒದ್ದಾಡುತ್ತಿವೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ. ಹತ್ತು, ಇಪ್ಪತ್ತು, ಕೆಲವೊಮ್ಮೆ ಅರವತ್ತು ಸೆಕೆಂಡು. ಕೊನೆಗೆ ಮಿದುಳು ಗಾಬರಿಯಿಂದ ಅರೆ ಎಚ್ಚರಗೊಂಡು, ದೊಡ್ಡ ಗೊರಕೆಯೊಂದಿಗೆ ಉಸಿರು ಮರಳುತ್ತದೆ. ಮರುಕ್ಷಣವೇ ನಿದ್ದೆ. ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ.

ಇದು ಸ್ಲೀಪ್ ಅಪ್ನಿಯ. ಉಸಿರು ಹೀಗೆ ನಿಲ್ಲುವುದು, ತಗ್ಗುವುದು ಗಂಟೆಗೆ ಐದು ಸಲವಾದರೆ ಕಾಯಿಲೆ ಶುರುವಾಗಿದೆ ಎಂದು, 30 ಮುಟ್ಟಿದರೆ ತೀವ್ರ ಎಂದು ವೈದ್ಯರು ಎಣಿಸುತ್ತಾರೆ. ಮೂವತ್ತೆಂದರೆ ಎರಡು ನಿಮಿಷಕ್ಕೊಮ್ಮೆ ಯಾರೋ ಭುಜ ಹಿಡಿದು ಅಲುಗಿಸಿದ ಹಾಗೆ. ಹಾಸಿಗೆಯಲ್ಲಿ ಎಷ್ಟು ಗಂಟೆ ಕಳೆದರೇನು, ಗಾಢ ನಿದ್ದೆ ಕೂಡಿಬರುವುದೇ ಇಲ್ಲ.

ಕಾಯಿಲೆಗೆ ಮೊದಲು ಸಿಕ್ಕಿದ್ದು ಸಾಹಿತ್ಯದ ಹೆಸರು. ಚಾರ್ಲ್ಸ್ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆಗೆ ಜಾರಿ ಗೊರಕೆ ಹೊಡೆಯುವ ಜೋ ಎಂಬ ದಢೂತಿ ಹುಡುಗನಿದ್ದಾನೆ. ಅವನನ್ನು ನೆನೆದೇ 1956ರಲ್ಲಿ ಅಮೆರಿಕದ ವೈದ್ಯರು ತಮ್ಮ ರೋಗಿಯೊಬ್ಬನ ಸ್ಥಿತಿಗೆ ‘ಪಿಕ್‌ವಿಕಿಯನ್’ ಎಂದು ಹೆಸರಿಟ್ಟರು. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು ಫ್ರಾನ್ಸ್ ಮತ್ತು ಜರ್ಮನಿಯ ತಜ್ಞರು ಅಳೆದು ತೋರಿಸಿದ್ದು 1965ರಲ್ಲಿ. ಆದರೆ ಆಗ ಇದ್ದ ಖಚಿತ ಚಿಕಿತ್ಸೆ ಒಂದೇ, ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ತೂತು ಕೊರೆಯುವುದು.

1980ರ ಜೂನ್‌ನಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಒಬ್ಬ ರೋಗಿ ಆ ತೂತು ಬೇಡವೆಂದ. ವೈದ್ಯ ಕಾಲಿನ್ ಸಲಿವನ್ ಒಂದು ಪ್ರಯೋಗಕ್ಕೆ ಅವನನ್ನು ಕೇಳಿದರು, ಅವನು ಒಪ್ಪಿದ. ವ್ಯಾಕ್ಯೂಮ್ ಕ್ಲೀನರ್‌ನ ಮೋಟಾರನ್ನು ಗಾಳಿ ಊದುವಂತೆ ಜೋಡಿಸಿ, ಕೊಳವೆಯ ಮೂಲಕ ಮೂಗಿನ ಮುಖವಾಡಕ್ಕೆ ಗಾಳಿ ಹಾಯಿಸಿದರು. ಒತ್ತಡ ಏರಿಸುತ್ತ ಹೋದಂತೆ ಒಂದು ಹಂತದಲ್ಲಿ ಗಂಟಲು ತೆರೆದೇ ಉಳಿಯಿತು. ರೋಗಿ ಥಟ್ಟನೆ ಗಾಢ ನಿದ್ದೆಗೆ ಇಳಿದು ರಾತ್ರಿಯಿಡೀ ಮಲಗಿದ. ಬೆಳಿಗ್ಗೆ ಚುರುಕಾಗಿ ಎದ್ದ. ಐದು ರೋಗಿಗಳ ಮೇಲಿನ ಫಲಿತಾಂಶ ಮರುವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಇಂದು ಸಿಪ್ಯಾಪ್ ಎಂಬ ಹೆಸರಿನಲ್ಲಿ ಮಾರಾಟವಾಗುವ, ಮಂಚದ ಪಕ್ಕದ ಮೇಜಿನ ಮೇಲೆ ಕೂರುವ ಪೆಟ್ಟಿಗೆ ಅದರ ವಂಶದ್ದೇ. ಅದನ್ನು ಕಟ್ಟಿಕೊಂಡು ಮಲಗುವುದು ಎಲ್ಲರಿಗೂ ಒಗ್ಗದು, ನಿಜ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ರಾತ್ರಿ ಮದ್ಯ ಬಿಡುವುದು ಕೂಡ ಹಲವರಿಗೆ ನೆರವಾಗುತ್ತದೆ. ಆದರೆ ದಪ್ಪಗಿರುವವರಿಗಷ್ಟೇ ಇದು ಬರುತ್ತದೆ ಎಂದು ತೆಳ್ಳಗಿನವರು ನಿಶ್ಚಿಂತರಾಗುವಂತಿಲ್ಲ. ದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೂ ಗಂಟಲ ದಾರಿ ಕಿರಿದಾಗುತ್ತದೆ.

ಹೆಂಗಸರ ದಣಿವಿಗೆ ಮತ್ತೊಂದು ಮೂಲವಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ. ಇವರಲ್ಲಿ ಹಲವರಿಗೆ ಕಣ್ಣು ಎಳೆಯುವುದಕ್ಕಿಂತ ಕೈಕಾಲು ಸೋಲುವುದೇ ಹೆಚ್ಚು. ಮಲಗಿದರೂ ನಿದ್ದೆ ಹತ್ತುವುದಿಲ್ಲ. ಕಬ್ಬಿಣದ ಅಂಶ ಕಡಿಮೆಯಾದರೆ ರಾತ್ರಿ ಕಾಲು ಜುಮುಗುಟ್ಟಿ, ಆಡಿಸದೆ ಇರಲಾಗದ ಕಾಟವೂ ಶುರುವಾಗಬಹುದು. ಊಟದ ಬೆನ್ನಿಗೇ ಚಹಾ ಕುಡಿದರೆ ಸೊಪ್ಪು, ಕಾಳಿನಲ್ಲಿನ ಕಬ್ಬಿಣ ಮೈಗೆ ಹತ್ತುವುದು ಕಡಿಮೆ. ಥೈರಾಯ್ಡ್ ಮಂದವಾಗಿರುವುದು, ಬಿ12 ಕೊರತೆ, ನೆಗಡಿ ಮತ್ತು ಅಲರ್ಜಿಯ ಕೆಲವು ಮಾತ್ರೆಗಳು, ಇವೂ ಮಂಪರಿಗೆ ಕಾರಣವಾಗಬಲ್ಲವು. ಖಿನ್ನತೆ ಎಂದರೆ ನಿದ್ದೆ ಬಾರದಿರುವುದು ಎಂದೇ ಜನ ತಿಳಿದಿದ್ದಾರೆ. ಕೆಲವರಲ್ಲಿ, ಮುಖ್ಯವಾಗಿ ಎಳೆಯರಲ್ಲಿ, ಅದು ಅತಿನಿದ್ದೆಯಾಗಿಯೇ ಕಾಣಿಸಿಕೊಳ್ಳುತ್ತದೆ.

ಕೆಲವರ ತೊಂದರೆ ಮಿದುಳಿನದ್ದೇ. ನಾರ್ಕೊಲೆಪ್ಸಿ ಇದ್ದವರು ಹಗಲಲ್ಲಿ ತಡೆಯಲಾಗದೆ ನಿದ್ದೆಗೆ ಜಾರುತ್ತಾರೆ, ಹದಿನೈದು ನಿಮಿಷದಲ್ಲಿ ಹಗುರಾಗಿ ಏಳುತ್ತಾರೆ. ಕೆಲವರಿಗೆ ಜೋರಾಗಿ ನಕ್ಕರೆ ಮೊಣಕಾಲು ಕುಸಿಯುತ್ತದೆ. ಎಚ್ಚರವನ್ನು ಹಿಡಿದಿಡುವ ಒರೆಕ್ಸಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಕೋಶಗಳು ಇವರಲ್ಲಿ ಬಹುಪಾಲು ಅಳಿದಿರುವುದು 2000ದಲ್ಲಿ ಬಯಲಾಯಿತು. ಪ್ರಾಗ್‌ನ ಬೆಡ್ರಿಚ್ ರೋಟ್ ಬೇರೊಂದು ಬಗೆಯವರನ್ನು ಗುರುತಿಸಿದರು. ಅವರು ದಿನಕ್ಕೆ ಹನ್ನೊಂದು ಗಂಟೆಗೂ ಹೆಚ್ಚು ಮಲಗುತ್ತಾರೆ, ಅಲಾರಂ ಆರಿಸಿದ್ದೇ ಅವರಿಗೆ ತಿಳಿಯುವುದಿಲ್ಲ, ಎದ್ದ ಮೇಲೂ ಕುಡಿದವರಂತೆ ತಡವರಿಸುತ್ತಾರೆ. ಇಂಥವರಿಗೆ ಸಣ್ಣ ನಿದ್ದೆಯಿಂದ ಪ್ರಯೋಜನವಿಲ್ಲ. ಕಾರಣ ಇನ್ನೂ ಸ್ಪಷ್ಟವಾಗಿಲ್ಲ, ಎಚ್ಚರ ಹೆಚ್ಚಿಸುವ ಔಷಧಗಳಿವೆ.

ಇವನ್ನು ಗುರುತಿಸುವ ಪರೀಕ್ಷೆ ಸ್ವಲ್ಪ ವಿಚಿತ್ರ. ರಾತ್ರಿ ತಲೆ, ಎದೆ, ಕಾಲುಗಳಿಗೆ ತಂತಿ ಅಂಟಿಸಿ ಮಲಗಿಸುತ್ತಾರೆ. ಮರುದಿನ ಎರಡು ಗಂಟೆಗೊಮ್ಮೆ ಕತ್ತಲ ಕೋಣೆಯಲ್ಲಿ ಇಪ್ಪತ್ತು ನಿಮಿಷ ಮಲಗಲು ಹೇಳುತ್ತಾರೆ, ನಾಲ್ಕೈದು ಸಲ. ಸರಾಸರಿ ಎಂಟು ನಿಮಿಷದೊಳಗೇ ನಿದ್ದೆ ಹತ್ತಿದರೆ ಅದು ಸಹಜವಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಿದ್ದೆಯ ಅಧ್ಯಯನಕ್ಕೆ ಪ್ರಯೋಗಾಲಯವಿದೆ. ಅಪ್ನಿಯ ಇದೆಯೇ ಎಂದು ನೋಡಲು ಮನೆಯಲ್ಲೇ ಕಟ್ಟಿಕೊಂಡು ಮಲಗುವ ಸಣ್ಣ ಸಾಧನಗಳೂ ಬಂದಿವೆ. ವೈದ್ಯರ ಬಳಿ ಹೋಗುವಾಗ ಎರಡು ವಾರ ಮಲಗಿದ, ಎದ್ದ, ತೂಕಡಿಸಿದ ಹೊತ್ತು ಬರೆದ ಹಾಳೆ, ನುಂಗುತ್ತಿರುವ ಮಾತ್ರೆಗಳ ಚೀಟಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಗೊರಕೆ ಹೊಡೆಯುವುದೇ ಇಲ್ಲವೆಂದು ಸಾಧಿಸುವವರಿದ್ದರೆ ಮನೆಯವರು ಮೊಬೈಲ್‌ನಲ್ಲಿ ವಿಡಿಯೊ ಮಾಡಿಟ್ಟುಕೊಂಡು ಜೊತೆಗೆ ಹೋಗುವುದು ಒಳ್ಳೆಯದು.