ಆಟಕ್ಕಿಂತ ಆಡುವವನ ಮಾತು ಕೇಳಿ

ಬನಶಂಕರಿ ಜಾತ್ರೆ ಎಂದರೆ ಬಾದಾಮಿ ಸೀಮೆಯವರಿಗೆ ತೇರಿನಷ್ಟೇ ಕಂಪನಿ ನಾಟಕವೂ ಮುಖ್ಯ. ಪೋಸ್ಟರಿನಲ್ಲಿ ಕಾಣುವುದು ಕಣ್ಣೀರಿನ ಸಂಸಾರ. ಒಳಗೆ ಹೋಗಿ ಕೂತರೆ ಹಾಸ್ಯಪಾತ್ರದವನ ದ್ವಂದ್ವಾರ್ಥದ ಮಾತಿಗೆ ಮಕ್ಕಳ ಕಿವಿ ಮುಚ್ಚಬೇಕಾಗುತ್ತದೆ. ಅದಕ್ಕೇ ಹಿರಿಯರು ಹಿಂದಿನ ರಾತ್ರಿ ನೋಡಿ ಬಂದವರನ್ನು ವಿಚಾರಿಸಿಕೊಂಡು ಮನೆಮಂದಿಯನ್ನು ಕರೆದೊಯ್ಯುತ್ತಾರೆ. ಮಕ್ಕಳು ಮೊಬೈಲಿನಲ್ಲಿ ನೋಡುವ ಗೇಮಿಂಗ್ ಚಾನೆಲ್‌ಗೂ ಇಷ್ಟು ವಿಚಾರಣೆ ಬೇಕು.

ಪ್ಲೇ ಸ್ಟೋರ್‌ನಲ್ಲಿ ಕಾಣುವ ವಯಸ್ಸಿನ ಸೂಚನೆ ಆಟಕ್ಕೆ ಕೊಟ್ಟದ್ದು, ಆ ಆಟದ ವಿಡಿಯೊಕ್ಕಲ್ಲ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ನಿಷೇಧವಾಯಿತು. ಮರುವರ್ಷ ಬಿಜಿಎಂಐ ಹೆಸರಿನಲ್ಲಿ ಬಂದಾಗ 18 ವರ್ಷದೊಳಗಿನವರಿಗೆ ಪಾಲಕರ ಒಪ್ಪಿಗೆ ಮತ್ತು ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಆದರೆ ಬೇರೆಯವರು ಅದನ್ನು ಆಡುವುದನ್ನು ನೋಡುತ್ತ ಕೂರುವುದಕ್ಕೆ ಈ ಮಿತಿ ತಾಗುವುದಿಲ್ಲ. ಇಟ್ಟಿಗೆ ಪೇರಿಸಿ ಮನೆ ಕಟ್ಟುವ ಮೈನ್‌ಕ್ರಾಫ್ಟ್‌ನಂಥ ಸೌಮ್ಯ ಆಟವನ್ನು ಬಾಯಿಗೆ ಬಂದಂತೆ ಬೈಯುತ್ತ ಆಡುವವರಿದ್ದಾರೆ. ಗುಂಡು ಹಾರಿಸುವ ಆಟವನ್ನು ಸೋತಾಗಲೂ ನಗುತ್ತ ಆಡುವವರೂ ಇದ್ದಾರೆ.

ಮಗುವಿಗೆ ಇದರಲ್ಲಿ ತಾಗುವುದು ಯಾವುದು? ಹಿಂಸೆಯ ಆಟಗಳು ಮಕ್ಕಳನ್ನು ನೇರವಾಗಿ ಹಿಂಸಾಚಾರಕ್ಕೆ ತಳ್ಳುತ್ತವೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿತು. ಚೀರುವುದು, ತಳ್ಳುವುದು ಮುಂತಾದ ಸಿಡುಕಿನ ಜೊತೆ ಸಣ್ಣ ನಂಟು ಇದೆ ಎಂದೂ ಸೇರಿಸಿತು. ಇನ್ನು ನೋಡಿ ಕಲಿಯುವ ಬಗ್ಗೆ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1965ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ದೊಡ್ಡವರೊಬ್ಬರು ಗಾಳಿಗೊಂಬೆಯನ್ನು ಬಡಿಯುವ ಚಿತ್ರವನ್ನು ಪುಟ್ಟ ಮಕ್ಕಳಿಗೆ ತೋರಿಸಲಾಯಿತು. ಒಂದು ಗುಂಪು ಕಂಡ ಚಿತ್ರದಲ್ಲಿ ಬಡಿದವರಿಗೆ ಬಹುಮಾನ ಸಿಕ್ಕಿತು, ಇನ್ನೊಂದರಲ್ಲಿ ಶಿಕ್ಷೆಯಾಯಿತು, ಮೂರನೆಯದರಲ್ಲಿ ಏನೂ ಆಗಲಿಲ್ಲ. ಶಿಕ್ಷೆ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆಮೇಲೆ ‘ಅವರು ಮಾಡಿದಂತೆ ಮಾಡಿ ತೋರಿಸಿದರೆ ಬಹುಮಾನ’ ಎಂದಾಗ ಮೂರೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಸಮ ಮಾಡಿ ತೋರಿಸಿದರು. ಅಂದರೆ ಕಲಿತದ್ದು ಎಲ್ಲರೂ. ಅದನ್ನು ಹೊರಹಾಕುವುದು ಯಾವಾಗ ಎಂಬುದನ್ನು ನಿರ್ಧರಿಸಿದ್ದು ಬಹುಮಾನ ಮತ್ತು ಶಿಕ್ಷೆ. ಆದ್ದರಿಂದ ಚಾನೆಲ್ ತೂಗುವಾಗ ಮೊದಲು ಕೇಳಬೇಕಾದ್ದು: ಇಲ್ಲಿ ಯಾವ ನಡತೆಗೆ ನಗೆ, ಚಪ್ಪಾಳೆ, ಲೈಕ್ ಸಿಗುತ್ತಿದೆ?

ಇಳಕಲ್ಲಿನ ಸೀರೆಯೋ ಗುಳೇದಗುಡ್ಡದ ಖಣವೋ ನೇಯುವ ಮನೆಯಲ್ಲಿ ತಾಯಿಯ ಕೈ ಮಗ್ಗದ ಮೇಲಿರುತ್ತದೆ, ಕಿವಿ ಮಾತ್ರ ಬಿಡುವಾಗಿರುತ್ತದೆ. ‘ಯಾರೋ ಅಂವಾ, ಹಿಂಗ್ಯಾಕ ಬೈತಾನ?’ ಎಂದರೆ ‘ಚಾಷ್ಟಿ ಮಾಡಾಕತ್ತಾನ ಬೇ ಯವ್ವಾ’ ಎಂಬ ಉತ್ತರ ಬರುತ್ತದೆ. ದಿನವೂ ಕೇಳುವ ದನಿ ಮಗುವಿಗೆ ಪರಿಚಯದ ಅಣ್ಣನದ್ದೇ ಆಗಿಬಿಡುತ್ತದೆ. ಪರದೆಯ ಮೇಲಿನವರೊಂದಿಗೆ ಹುಟ್ಟುವ ಇಂಥ ಒಮ್ಮುಖ ಸಲಿಗೆಯನ್ನು ಹಾರ್ಟನ್ ಮತ್ತು ವೋಲ್ ಎಂಬ ಸಮಾಜವಿಜ್ಞಾನಿಗಳು 1956ರಲ್ಲೇ ಗುರುತಿಸಿದ್ದರು. ಆ ‘ಅಣ್ಣ’ ಒಂದು ಆ್ಯಪ್ ಹಾಕಿಕೊಳ್ಳಿ ಎಂದಾಗ, ಸುಮಾರು ಏಳೆಂಟು ವರ್ಷದೊಳಗಿನ ಮಗುವಿಗೆ ಅದು ಜಾಹೀರಾತು, ತನ್ನನ್ನು ಒಲಿಸುವ ಮಾತು ಎಂದು ಹೊಳೆಯುವುದು ಕಷ್ಟ. ಅದಕ್ಕೇ ಮನೆಯ ಮೊದಲ ನಿಯಮ: ಇಯರ್‌ಫೋನ್ ಬೇಡ, ದನಿ ಹೊರಗೆ ಕೇಳಲಿ.

‘ಮಕ್ಕಳಿಗಾಗಿ ಮಾಡಿದ್ದು’ ಎಂಬ ಯೂಟ್ಯೂಬ್ ಗುರುತನ್ನೇ ನಂಬಿ ಕೂರುವಂತಿಲ್ಲ. ಮಕ್ಕಳ ಮಾಹಿತಿ ಸಂಗ್ರಹಿಸಿದ ಪ್ರಕರಣದಲ್ಲಿ ಗೂಗಲ್ ಮತ್ತು ಯೂಟ್ಯೂಬ್ 2019ರಲ್ಲಿ ಅಮೆರಿಕದಲ್ಲಿ 17 ಕೋಟಿ ಡಾಲರ್ ತೆತ್ತವು. ಅದರ ಫಲವಾಗಿ 2020ರ ಜನವರಿಯಿಂದ ಈ ಗುರುತಿನ ವಿಡಿಯೊಗಳಲ್ಲಿ ಕಾಮೆಂಟ್ ಮತ್ತು ವ್ಯಕ್ತಿಗತ ಜಾಹೀರಾತು ನಿಂತವು. ಆದರೆ ಗುರುತು ಹಾಕುವವರು ಸಾಮಾನ್ಯವಾಗಿ ವಿಡಿಯೊ ಮಾಡಿದವರೇ. ಅದು ಮಾಹಿತಿ ರಕ್ಷಣೆಯ ಏರ್ಪಾಡು, ಗುಣಮಟ್ಟದ ಪ್ರಮಾಣಪತ್ರವಲ್ಲ.

ಪರೀಕ್ಷೆಗೆ ಅರ್ಧ ತಾಸು ಸಾಕು. ಚಾನೆಲ್‌ನ ಹೊಸ ವಿಡಿಯೊ ಒಂದು, ಅತಿ ಹೆಚ್ಚು ಜನ ನೋಡಿದ್ದು ಒಂದು, ಲೈವ್ ಒಂದು ತೆರೆಯಿರಿ. ಆರಂಭದಲ್ಲಿ ಎಲ್ಲರೂ ಸಭ್ಯರೇ. ನಡುಭಾಗಕ್ಕೆ ಜಿಗಿದು, ಆತ ಸೋಲುವ ಹೊತ್ತಿಗೆ ಏನು ಹೇಳುತ್ತಾನೆ ಕೇಳಿ. ಹೆಣ್ಣುಮಕ್ಕಳ ಬಗ್ಗೆ, ಜಾತಿಯ ಬಗ್ಗೆ ಹೇಗೆ ಮಾತಾಡುತ್ತಾನೆ ಗಮನಿಸಿ. ಕಾಮೆಂಟುಗಳನ್ನು ಓದಿ. ವಿಡಿಯೊ ಕೆಳಗಿನ ಲಿಂಕುಗಳು ಟೆಲಿಗ್ರಾಂ ಗುಂಪಿಗೋ ಬೆಟ್ಟಿಂಗ್ ಆ್ಯಪ್‌ಗೋ ಒಯ್ದರೆ ಅಲ್ಲಿಗೇ ಮುಗಿಸಿ. ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ನಿಷೇಧಿಸಿದೆ.

ಕಾನೂನಿನೊಳಗಿದ್ದೂ ಹಣ ಸೆಳೆಯುವ ದಾರಿಗಳಿವೆ. ಆಟದೊಳಗಿನ ಪೆಟ್ಟಿಗೆ ತೆರೆದರೆ ಅಪರೂಪದ ಬಂದೂಕಿನ ಬಣ್ಣ ಸಿಗಬಹುದು, ಸಿಗದೆಯೂ ಹೋಗಬಹುದು. ಯಾವಾಗ ಸಿಗುತ್ತದೆಂದು ತಿಳಿಯದ ಬಹುಮಾನದ ಹಿಂದೆ ಜೀವಿಗಳು ಪಟ್ಟು ಬಿಡದೆ ಬೀಳುತ್ತವೆ ಎಂಬುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳಲ್ಲಿ ತೋರಿಸಿದ್ದರು. ಲೈವ್‌ನಲ್ಲಿ ಒಂದರ ಮೇಲೊಂದು ಪೆಟ್ಟಿಗೆ ತೆರೆಯುವವನು, ದುಡ್ಡು ಕಳಿಸಿದವರ ಹೆಸರನ್ನಷ್ಟೇ ಕೂಗುವವನು ಮಗುವಿಗೆ ತಕ್ಕವನಲ್ಲ.

ಕೊನೆಗೆ ಮಗುವನ್ನೂ ನೋಡಬೇಕು. ಮೊಬೈಲ್ ಇಟ್ಟ ಮೇಲೆ ಆಡಲು ಹೊರಗೆ ಓಡಿದರೆ ಚಿಂತೆಯಿಲ್ಲ. ತಿಂಗಳುಗಟ್ಟಲೆ ಊಟ, ನಿದ್ದೆ, ಶಾಲೆ ಹಿಂದೆ ಸರಿದು, ಹಾನಿ ಕಂಡರೂ ನಿಲ್ಲಿಸಲಾಗದಿದ್ದರೆ ಮಾತು ಬೇರೆ. ಆಟವಾಡುವುದರಲ್ಲಿ ಇಂಥ ಸ್ಥಿತಿಯನ್ನು ಗೇಮಿಂಗ್ ಅಸ್ವಸ್ಥತೆ ಎಂದು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಪಟ್ಟಿಗೆ ಸೇರಿಸಿದ್ದು, ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ತೊಂದರೆಗಳಿಗೆಂದೇ ‘ಶಟ್’ ಕ್ಲಿನಿಕ್ ಇದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಬಾದಾಮಿಯಿಂದಲೂ ಕರೆ ಮಾಡಬಹುದು. ಅಷ್ಟು ದೂರ ಹೋಗದ ಮನೆಗಳಲ್ಲಿ, ಚಾನೆಲ್ ಬಂದ್ ಮಾಡುವ ಮೊದಲು ಕಾರಣ ಹೇಳಿ, ಅದೇ ಆಟವನ್ನು ಬಾಯಿ ಹಿಡಿತದಲ್ಲಿಟ್ಟುಕೊಂಡು ಆಡುವ ಇನ್ನೊಬ್ಬರನ್ನು ಮಗುವಿನ ಜೊತೆ ಕೂತು ಹುಡುಕಿ. ಮುಂದಿನ ಸಲ ಆಯ್ಕೆ ಮಾಡುವಾಗ ಏನನ್ನು ಗಮನಿಸಬೇಕೆಂದು ಮಗುವಿಗೇ ತಿಳಿದಿರುತ್ತದೆ.