ಕವಿಗೆ ಸಿಂಹಾಸನ ಕೊಡುವ ನಾಡು

ಪ್ರತಿವರ್ಷ ಆಗಸ್ಟ್ ಮೊದಲ ವಾರ ವೇಲ್ಸ್ ದೇಶದ ಕವಿಗಳೆಲ್ಲ ಕಾತರದಿಂದ ಕಾಯುವ ಒಂದು ಗಳಿಗೆ ಬರುತ್ತದೆ. ವರ್ಷದ ಶ್ರೇಷ್ಠ ಕವಿತೆ ಯಾವುದೆಂದು ತೀರ್ಪುಗಾರರು ಹೇಳಿಯಾಗಿರುತ್ತದೆ. ಆದರೆ ಬರೆದವರು ಯಾರು? ಸಭೆಗೆ ಗೊತ್ತಿರುವುದು ಗುಪ್ತನಾಮವೊಂದೇ. ತುತ್ತೂರಿ ಮೊಳಗಿದಾಗ ಕವಿ ತಾನು ಕುಳಿತಲ್ಲೇ ಎದ್ದು ನಿಲ್ಲಬೇಕು. ಕತ್ತಲ ಸಭಾಂಗಣದಲ್ಲಿ ಅಲೆದಾಡುವ ದೀಪದ ಬೆಳಕು ಅವರನ್ನು ಹುಡುಕಿ ಹಿಡಿಯುತ್ತದೆ. ನಿಲುವಂಗಿ ಹೊದಿಸಿ, ವೇದಿಕೆಗೆ ಕರೆತಂದು, ಅವರಿಗೆಂದೇ ಕೆತ್ತಿದ ಮರದ ಪೀಠದಲ್ಲಿ ಕೂರಿಸುತ್ತಾರೆ. ದೊಡ್ಡ ಖಡ್ಗವೊಂದನ್ನು ಒರೆಯಿಂದ ಅರ್ಧ ಮಾತ್ರ ಎಳೆದು, ‘ಶಾಂತಿ ಇದೆಯೇ?’ ಎಂದು ಮೂರು ಬಾರಿ ಕೇಳುತ್ತಾರೆ. ‘ಶಾಂತಿ!’ ಎಂದು ಸಭೆ ಒಕ್ಕೊರಲಿನಿಂದ ಕೂಗಿದ ಮೇಲೆ ಖಡ್ಗ ಒರೆ ಸೇರುತ್ತದೆ. ಅದನ್ನು ಪೂರ್ತಿ ಹಿರಿಯುವ ಪದ್ಧತಿಯೇ ಇಲ್ಲ.

ಇದು ವೇಲ್ಸ್‌ನ ರಾಷ್ಟ್ರೀಯ ಐಸ್ತೆದ್‌ವೊದ್. ಒಂದು ವರ್ಷ ಉತ್ತರದಲ್ಲಿ, ಮರುವರ್ಷ ದಕ್ಷಿಣದಲ್ಲಿ ನಡೆಯುವ ಸಾಹಿತ್ಯ, ಸಂಗೀತಗಳ ಜಾತ್ರೆ.

1176ರಲ್ಲಿ ರ‍್ಹೀಸ್ ಎಂಬ ದೊರೆ ಕಾರ್ಡಿಗನ್ ಕೋಟೆಯಲ್ಲಿ ಕವಿಗಳನ್ನೂ ವಾದ್ಯಗಾರರನ್ನೂ ಸ್ಪರ್ಧೆಗೆ ಕರೆದು, ಗೆದ್ದವರಿಗೆ ಪೀಠ ಕೊಟ್ಟ. ಮುಂದೆ 1282ರಲ್ಲಿ ವೇಲ್ಸ್ ಆಳುತ್ತಿದ್ದ ದೊರೆ ಲ್ಯುವೆಲಿನ್ ಹತನಾದ. ನಾಡು ಇಂಗ್ಲೆಂಡಿನ ವಶವಾಯಿತು. 1536ರ ಕಾಯ್ದೆ ವೆಲ್ಶ್ ನುಡಿಯನ್ನು ನ್ಯಾಯಾಲಯದಿಂದಲೂ ಆಡಳಿತದಿಂದಲೂ ಹೊರಗಿಟ್ಟಿತು. ದೊರೆಗಳಿಲ್ಲದ ನಾಡಿನಲ್ಲಿ ಕವಿಗಳಿಗೆ ಆಶ್ರಯ ಕೊಡುವವರಾರು?

ಉತ್ತರ ಕೊಟ್ಟವನು ಕಲ್ಲುಕುಟಿಗ ಎಡ್ವರ್ಡ್ ವಿಲಿಯಮ್ಸ್. ಇಯೋಲೊ ಮೋರ್ಗಾನುಗ್ ಎಂಬುದು ಅವನ ಕಾವ್ಯನಾಮ. 1792ರಲ್ಲಿ ಲಂಡನ್ನಿನ ಪ್ರಿಮ್‌ರೋಸ್ ಗುಡ್ಡದ ಮೇಲೆ ‘ಗೋರ್ಸೆದ್’ ಎಂಬ ಕವಿಮಂಡಲವನ್ನು ಕೂಡಿಸಿದ. ಇದರ ವಿಧಿಗಳೆಲ್ಲ ಪುರಾತನ ಡ್ರೂಯಿಡ್ ಪುರೋಹಿತರಿಂದ ಬಂದವು ಎಂದ. ಅವು ಬಹುಪಾಲು ಅವನದೇ ಕಲ್ಪನೆ ಎಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟರು. ಆದರೂ ಜನ ಕೈಬಿಡಲಿಲ್ಲ. ಶಿಲಾವೃತ್ತ, ಬಿಳಿ-ನೀಲಿ-ಹಸಿರು ನಿಲುವಂಗಿ, ಮುಖ್ಯಸ್ಥರಾದ ಆರ್ಚ್‌ಡ್ರೂಯಿಡ್ ಎಲ್ಲವೂ ಐಸ್ತೆದ್‌ವೊದ್‌ನಲ್ಲಿ ಉಳಿದವು. ವಿಧಿ ಹೊಸದಾದರೂ ಅದು ಕಾಯುತ್ತಿದ್ದ ಕಾವ್ಯ ನಿಜವಾಗಿಯೂ ಹಳೆಯದು. ನನಗೆ ದೊಡ್ಡದಾಗಿ ಕಾಣುವುದು ಅದೇ. ಪೀಠಕ್ಕೆ ಬರೆಯುವವರು ಇಂದಿಗೂ ‘ಕಂಗ್‌ಹಾನೆದ್’ ಎಂಬ ಕಟ್ಟುನಿಟ್ಟಿನ ನಿಯಮ ಪಾಲಿಸಬೇಕು. ಸಾಲುಸಾಲಿನೊಳಗೂ ವ್ಯಂಜನಗಳು ಮರುಕಳಿಸಬೇಕು, ಇಲ್ಲವೇ ಒಳಪ್ರಾಸ ಕೂಡಬೇಕು. ಯೋಗ್ಯ ಕವಿತೆ ಬರದಿದ್ದರೆ ಆ ವರ್ಷ ಪೀಠ ಖಾಲಿ.

1917ರಲ್ಲಿ ಬರ್ಕನ್‌ಹೆಡ್ ಊರಿನ ಐಸ್ತೆದ್‌ವೊದ್‌ನಲ್ಲಿ ಗುಪ್ತನಾಮ ಕೂಗಿದಾಗ ಯಾರೂ ಏಳಲಿಲ್ಲ. ಗೆದ್ದವನು ಕುರಿ ಸಾಕುವ ಮನೆತನದ ಹೆದ್ ವಿನ್. ಅವನು ಜುಲೈ 31ರಂದೇ ಬೆಲ್ಜಿಯಂ ರಣರಂಗದಲ್ಲಿ ಮಡಿದಿದ್ದ. ಪೀಠಕ್ಕೆ ಕರಿಬಟ್ಟೆ ಹೊದಿಸಿದರು. ಅದನ್ನು ಕೆತ್ತಿದ್ದವನು ಬೆಲ್ಜಿಯಂನಿಂದಲೇ ಓಡಿಬಂದ ನಿರಾಶ್ರಿತ. ಆ ‘ಕರಿಯ ಪೀಠ’ ಟ್ರಾಸ್‌ವಿನಿದ್ ಊರಿನ ಬಳಿ ಕವಿಯ ತೋಟದ ಮನೆಯಲ್ಲಿದೆ. ಮನೆ ಈಗ ಸ್ಮಾರಕ.

ಸಂಪ್ರದಾಯ ನಿಂತ ನೀರಾಗಿಲ್ಲ. 2001ರಲ್ಲಿ ಮೆರೆರಿದ್ ಹಾಪ್‌ವುಡ್ ಪೀಠ ಗೆದ್ದ ಮೊದಲ ಮಹಿಳೆಯಾದರು. 2024ರಲ್ಲಿ ಅವರೇ ಆರ್ಚ್‌ಡ್ರೂಯಿಡ್ ಆದರು. ಅವರಿಗಿಂತ ಮೊದಲು, 2013ರಲ್ಲಿ, ಆ ಸ್ಥಾನಕ್ಕೇರಿದ ಪ್ರಥಮ ಮಹಿಳೆ ಕ್ರಿಸ್ಟೀನ್ ಜೇಮ್ಸ್ ವೆಲ್ಶ್ ಅನ್ನು ಕಲಿತು ಕವಿಯಾದವರು.

2021ರ ಜನಗಣತಿಯಂತೆ ವೇಲ್ಸ್‌ನಲ್ಲಿ ವೆಲ್ಶ್ ಬಲ್ಲವರು ಸುಮಾರು 5.38 ಲಕ್ಷ, ಮೂರು ವರ್ಷ ಮತ್ತು ಮೇಲ್ಪಟ್ಟವರಲ್ಲಿ ಶೇ 17.8. ಇಂಥ ನುಡಿಗೆ ವರ್ಷಕ್ಕೊಂದು ವಾರ ತಾನೇ ದೊರೆಯಾಗಿರುವ ಜಾಗ ಬೇಕೇ ಬೇಕು. ಅದಕ್ಕೇ ವೇದಿಕೆಯ ಮೇಲೆ ವೆಲ್ಶ್ ಮಾತ್ರ ಎಂಬ ನಿಯಮ 1950ರಿಂದ ಗಟ್ಟಿಯಾಗಿ ನಡೆದುಬಂದಿದೆ. ಭಾಷೆ ಬಾರದವರಿಗೆ ಕಿವಿಗೆ ಹಚ್ಚಿಕೊಳ್ಳಲು ಅನುವಾದದ ಹೆಡ್‌ಫೋನ್ ಕೊಡುತ್ತಾರೆ. ಆಗಸ್ಟ್‌ನಲ್ಲಿ ಬ್ರಿಟನ್ನಿನತ್ತ ಹೋಗುವ ಕನ್ನಡಿಗರು ಒಂದು ದಿನವನ್ನು ಈ ಜಾತ್ರೆಗೆ ಮೀಸಲಿಡಲಿ.